ಬುಕರ್ ಟಿ. ವಾಷಿಂಗ್ಟನ್ : ಪಾಲಕರ ಋಣವನ್ನರಿತ ಗುರು

ಯಾವುದೇ ವಿದ್ಯಾಸಂಸ್ಥೆಯ ಅಂಗಳದಲ್ಲಿ ಕಾಲಿರಿಸಿದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯಲ್ಲಿ ಹುದುಗಿಸಿದ ಶಿಲಾಫಲಕ. ಭೂದಾನ ಮಾಡಿದವರ, ಕೊಠಡಿ ಕಟ್ಟಿಸಿದವರ, ನಿಧಿಯಿರಿಸಿದವರ ಹೆಸರುಗಳು ಅಲ್ಲಿ ಅಂದವಾಗಿ ಕೆತ್ತಲ್ಪಟ್ಟಿರುತ್ತವೆ. ಅದು ಯುಕ್ತವೇ ಸರಿ. ಕೃತಜ್ಞತೆಯನ್ನು ಮರೆತ ಸಂಸ್ಥೆ ಬಹುಕಾಲ ಬಾಳಲಾರದು. ಆದರೆ ಅದೇ ಗೋಡೆಗೆ ಕಲ್ಲು ಹೇರಿ ತಂದ ಚಕ್ಕಡಿಯ ಒಡೆಯನ ಹೆಸರು, ಬುನಾದಿಯ ಮಣ್ಣನ್ನು ಪುಟ್ಟಿಯಲ್ಲಿ ಹೊತ್ತ ತಾಯಿಯ ಹೆಸರು, ಉತ್ಸವದ ದಿನ ಮಕ್ಕಳ ಪಂಕ್ತಿಗೆ ಬಡಿಸಲು ಟೊಂಕಕಟ್ಟಿ ನಿಂತ ಪಾಲಕರ ಹೆಸರು ಯಾವ ಫಲಕದಲ್ಲಿಯೂ ದೊರೆಯುವುದಿಲ್ಲ. ಹಣವನ್ನು ಎಣಿಸುವುದು ಸುಲಭ. ಬೆವರನ್ನು ಎಣಿಸುವ ಅಳತೆಗೋಲು ದುರ್ಲಭ. ಆ ಅಳತೆಗೋಲನ್ನು ತಮ್ಮ ಬಾಳಿನ ಅನುಭವದಿಂದಲೇ ಕಂಡುಕೊಂಡು, ಬಡ ಪಾಲಕರ ಶ್ರಮವನ್ನು ಕೋಟ್ಯಧೀಶರ ದಾನದ ಪಕ್ಕದಲ್ಲಿಯೇ ಲೆಕ್ಕಕ್ಕೆ ಹಿಡಿದ ಶಿಕ್ಷಕರೊಬ್ಬರು ಅಮೆರಿಕ ದೇಶದಲ್ಲಿ ಆಗಿಹೋದರು. ಅವರೇ ಟಸ್ಕೀಗೀ ವಿದ್ಯಾಲಯದ ಸ್ಥಾಪಕರಾದ ಬುಕರ್ ಟಿ. ವಾಷಿಂಗ್ಟನ್. ಅವರ ಜೀವನಚರಿತ್ರೆಯು ಶಿಕ್ಷಕರಿಗೂ ದಾನಿಗಳಿಗೂ ಸಮಾನವಾಗಿ ಮನನಯೋಗ್ಯವಾದುದು.

ವಾಷಿಂಗ್ಟನ್ನರು ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾ ಪ್ರಾಂತದ ಹೇಲ್ಸ್ ಫೋರ್ಡ್ ಎಂಬಲ್ಲಿನ ಹೊಗೆಸೊಪ್ಪಿನ ತೋಟವೊಂದರಲ್ಲಿ. ಹುಟ್ಟುತ್ತಲೇ ಗುಲಾಮ. ತಾಯಿ ಜೇನ್ ಆ ತೋಟದ ಅಡಿಗೆಯಾಳು. ತಂದೆ ಯಾರೆಂಬುದನ್ನು ಮಗ ಕಡೆಯತನಕ ಅರಿಯಲಿಲ್ಲ. ಅಡಿಗೆಮನೆಯೂ ಆಗಿದ್ದ ಮರದ ತೊಲೆಗಳ ಒಂದು ಗುಡಿಸಲೇ ಅವರ ವಾಸದ ಮನೆ. ಅದಕ್ಕೆ ಹಲಗೆಯ ನೆಲವಿಲ್ಲ, ಗಾಜಿನ ಕಿಟಕಿಯಿಲ್ಲ. ನೆಲದ ನಡುವೆ ತೋಡಿದ ಗುಂಡಿಯೊಂದರಲ್ಲಿ ಒಡೆಯನ ಗೆಣಸನ್ನು ಚಳಿಗಾಲಕ್ಕಾಗಿ ಕಾದಿಡುತ್ತಿದ್ದರು. ಅಗಸೆ ನಾರಿನ ಹೊಸ ಅಂಗಿ ಮೈಗೆ ಮುಳ್ಳಿನಂತೆ ಚುಚ್ಚುತ್ತಿದ್ದುದರಿಂದ ಅಣ್ಣ ಜಾನ್ ತಾನೇ ಅದನ್ನು ಕೆಲವು ದಿನ ತೊಟ್ಟು, ಮೆದುವಾದ ಮೇಲೆ ತಮ್ಮನಿಗೆ ಕೊಡುತ್ತಿದ್ದನಂತೆ. ಒಡೆಯನ ಮಗಳ ಪುಸ್ತಕಗಳನ್ನು ಹೊತ್ತುಕೊಂಡು ಶಾಲೆಯ ಬಾಗಿಲವರೆಗೆ ಹೋಗುವ ಅವಕಾಶ ಬಾಲಕ ಬುಕರನಿಗಿತ್ತು. ಒಳಗೆ ಕಾಲಿಡುವ ಅಧಿಕಾರವಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದು ಆ ನಾಡಿನಲ್ಲಿ ನಿಷಿದ್ಧವಾಗಿತ್ತು.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾಯಿತು. ತಾಯಿ ಮಕ್ಕಳನ್ನು ಕರೆದುಕೊಂಡು ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಊರಿಗೆ ಗಂಡನ ಬಳಿಗೆ ಹೋದಳು. ಮಲತಂದೆಗೆ ಉಪ್ಪಿನ ಭಟ್ಟಿಯಲ್ಲಿ ಕೆಲಸ. ಬಾಲಕನಿಗೂ ಅಲ್ಲಿಯೇ ದುಡಿಮೆ. ಪ್ರತಿಯೊಬ್ಬ ಕೂಲಿಯ ಪೀಪಾಯಿಗಳ ಮೇಲೆ ಒಂದೊಂದು ಸಂಖ್ಯೆಯ ಗುರುತು ಹಾಕುವುದು ಅಲ್ಲಿನ ರೂಢಿ. ಮಲತಂದೆಯ ಪೀಪಾಯಿಗಳ ಮೇಲಿದ್ದ 18 ಎಂಬ ಅಂಕಿಯೇ ಬುಕರ್ ಕಲಿತ ಮೊದಲ ಅಕ್ಷರ. ಓದುವ ಹಂಬಲವನ್ನು ಮಗ ತೋಡಿಕೊಂಡಾಗ, ತಾನು ನಿರಕ್ಷರಿಯಾಗಿದ್ದ ತಾಯಿ ಎಲ್ಲಿಂದಲೋ ಒಂದು ಕಾಗುಣಿತದ ಪುಸ್ತಕವನ್ನು ಸಂಪಾದಿಸಿ ತಂದುಕೊಟ್ಟಳು.

ಕೆಲಕಾಲದಲ್ಲಿ ಆ ಊರಿನ ಕಪ್ಪುಜನರು ಕೂಡಿ ತಮ್ಮ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಸರಕಾರದ ಸಹಾಯವಾಗಲಿ ಶ್ರೀಮಂತರ ಆಶ್ರಯವಾಗಲಿ ಅದಕ್ಕಿರಲಿಲ್ಲ. ಪ್ರತಿಯೊಂದು ಕುಟುಂಬವೂ ತಿಂಗಳಿಗಿಷ್ಟೆಂದು ಹಣ ಕೊಡುವುದು, ಶಿಕ್ಷಕನು ಸರದಿಯಂತೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ತಂಗುವುದು ಎಂದು ಗೊತ್ತುಮಾಡಿದರು. ನಮ್ಮ ಹಳ್ಳಿಗಳ ಗಾಂವಠಿ ಶಾಲೆಗಳಲ್ಲಿ ಅಯ್ಯನವರಿಗೆ ಮನೆಮನೆಯಿಂದ ಕಾಳುಕಡಿ ಸಲ್ಲುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು. ಶಿಕ್ಷಕನು ತನ್ನ ಮನೆಗೆ ಬರುವ ಸರದಿಯ ದಿನಕ್ಕಾಗಿ ಬಾಲಕ ಬುಕರ್ ಕಾತರದಿಂದ ಕಾಯುತ್ತಿದ್ದನು. ಆ ದಿನ ಮನೆಯಲ್ಲಿ ಇದ್ದುದರಲ್ಲಿಯೇ ಒಳ್ಳೆಯ ಅಡಿಗೆಯಾಗುತ್ತಿತ್ತು. ಹೀಗೆ ಪಾಲಕರು ತಮ್ಮ ತುತ್ತಿನಲ್ಲಿ ಪಾಲುಕೊಟ್ಟು ಸಾಕಿದ ಶಾಲೆಯೇ ಮುಂದಿನ ಮಹಾಶಿಕ್ಷಕನ ಮೊದಲ ವಿದ್ಯಾಮಂದಿರವಾಯಿತು.

ಆದರೆ ಮನೆಯ ಬಡತನದ ಮೂಲಕ ಮಗನ ಗಳಿಕೆಯನ್ನು ಬಿಟ್ಟುಕೊಡಲು ಮಲತಂದೆ ಮೊದಲು ಒಪ್ಪಲಿಲ್ಲ. ಬಾಲಕನು ರಾತ್ರಿಯ ವೇಳೆ ಪಾಠ ಹೇಳಿಸಿಕೊಂಡನು. ಮುಂದೆ, ಬೆಳಗಿನ ಒಂಬತ್ತು ಗಂಟೆಯವರೆಗೆ ಭಟ್ಟಿಯಲ್ಲಿ ದುಡಿದು, ಶಾಲೆ ಬಿಟ್ಟಮೇಲೆ ಮತ್ತೆ ಎರಡು ತಾಸು ದುಡಿಯುವ ಕರಾರಿನ ಮೇಲೆ ಹಗಲು ಶಾಲೆಗೆ ಹೋಗುವ ಅಪ್ಪಣೆ ದೊರೆಯಿತು. ಶಾಲೆಯ ಮಕ್ಕಳೆಲ್ಲ ಟೊಪ್ಪಿಗೆ ಧರಿಸಿದ್ದರು. ಬುಕರನ ತಲೆ ಬರಿದು. ಅಂಗಡಿಯ ಟೊಪ್ಪಿಗೆಗೆ ತಾಯಿಯ ಬಳಿ ಹಣವಿರಲಿಲ್ಲ. ಸಾಲಮಾಡಿ ಕೊಳ್ಳುವುದು ಆಕೆಗೆ ಒಗ್ಗದು. ಮನೆಯಲ್ಲಿ ನೇಯ್ದ ಎರಡು ಬಟ್ಟೆಯ ತುಂಡುಗಳನ್ನು ಜೋಡಿಸಿ ತಾನೇ ಒಂದು ಟೊಪ್ಪಿಗೆಯನ್ನು ಹೊಲಿದುಕೊಟ್ಟಳು. ದೊಡ್ಡವರಾಗಿ ಲೋಕಪ್ರಸಿದ್ಧಿ ಪಡೆದ ಮೇಲೂ ವಾಷಿಂಗ್ಟನ್ನರು ಆ ಟೊಪ್ಪಿಗೆಯನ್ನು ಅಭಿಮಾನದಿಂದ ನೆನೆಯುತ್ತಿದ್ದರು. ಕೊಡುವವರ ಕೈ ಬರಿದಾಗಿದ್ದಾಗ ಕೊಟ್ಟ ಕೊಡುಗೆಯ ಬೆಲೆಯನ್ನು ಅವರಿಗೆ ಮೊದಲು ಕಲಿಸಿದವಳು ಆ ತಾಯಿ.

1872ರಲ್ಲಿ ಹದಿನಾರರ ಹರೆಯದ ಬುಕರ್ ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಹೊರಟನು. ಊರಿನ ಮುದುಕರು, ಮುದುಕಿಯರು ಅವನನ್ನು ಬೀಳ್ಕೊಡಲು ಬಂದರು. ತಮ್ಮ ಪ್ರಾಯವನ್ನೆಲ್ಲ ದಾಸ್ಯದಲ್ಲಿ ಕಳೆದ ಆ ಜನಕ್ಕೆ, ತಮ್ಮವನೊಬ್ಬನು ವಿದ್ಯಾರ್ಥಿಯಾಗಿ ಪರಸ್ಥಳಕ್ಕೆ ಹೋಗುವುದನ್ನು ಕಾಣುವೆವೆಂಬ ಆಸೆಯೇ ಇರಲಿಲ್ಲ. ಒಬ್ಬರು ಐದು ಸೆಂಟಿನ ಬಿಲ್ಲೆಯನ್ನು, ಇನ್ನೊಬ್ಬರು ಕಾಲು ಡಾಲರನ್ನು, ಮತ್ತೊಬ್ಬರು ಒಂದು ಕರವಸ್ತ್ರವನ್ನು ಅವನ ಕೈಯಲ್ಲಿರಿಸಿದರು. ಅವನು ಅವರ ಮಗನಲ್ಲ, ಮೊಮ್ಮಗನಲ್ಲ. ಊರಿಗೆ ಊರೇ ಪಾಲಕರಾಗಿ ಒಬ್ಬ ಬಾಲಕನನ್ನು ವಿದ್ಯೆಗೆ ಕಳುಹಿಸಿದ ಆ ಪ್ರಸಂಗ ಅವನ ಎದೆಯಲ್ಲಿ ಅಳಿಯದ ಮುದ್ರೆಯೊತ್ತಿತು.

ದಾರಿಯ ಕಷ್ಟಗಳು ಹೇಳತೀರದವು. ಕೈಯಲ್ಲಿ ಕಾಸು ಮುಗಿದು, ರಿಚ್ಮಂಡ್ ನಗರದಲ್ಲಿ ಹಲಗೆ ಹಾಸಿದ ಕಾಲುದಾರಿಯ ಕೆಳಗೆ ನೆಲದ ಮೇಲೆಯೇ ಮಲಗಿ, ಹಗಲು ಹಡಗಿನ ಸರಕು ಇಳಿಸಿ ಅನ್ನ ಗಳಿಸಬೇಕಾಯಿತು. ಹ್ಯಾಂಪ್ಟನ್ ಸೇರಿದಾಗ ಬಳಿಯಲ್ಲಿ ಉಳಿದದ್ದು ಐವತ್ತು ಸೆಂಟು. ಕೊಳೆಯಾದ ಬಟ್ಟೆಯಲ್ಲಿ ನಿಂತ ಹುಡುಗನನ್ನು ಸೇರಿಸಿಕೊಳ್ಳಲು ಅಲ್ಲಿಯ ಮುಖ್ಯ ಶಿಕ್ಷಕಿ ಅನುಮಾನಿಸಿ, ಕೊನೆಗೆ ಒಂದು ಕೊಠಡಿಯನ್ನು ಗುಡಿಸಲು ಹೇಳಿದರು. ಅವನು ಅದನ್ನು ಮೂರು ಸಲ ಗುಡಿಸಿ, ನಾಲ್ಕು ಸಲ ಧೂಳೊರಸಿದನು. ಆಕೆ ತನ್ನ ಬಿಳಿಯ ಕರವಸ್ತ್ರದಿಂದ ಗೋಡೆ ಮೇಜುಗಳನ್ನು ತಿಕ್ಕಿ ನೋಡಿದರೂ ಧೂಳಿನ ಕಣ ಸಿಗಲಿಲ್ಲ. ಅದೇ ಅವನ ಪ್ರವೇಶ ಪರೀಕ್ಷೆ. ಜನರಲ್ ಆರ್ಮ್‌ಸ್ಟ್ರಾಂಗ್ ಎಂಬ ಮಹನೀಯರ ನೇತೃತ್ವದ ಆ ವಿದ್ಯಾಲಯದಲ್ಲಿ ಕಸಗುಡಿಸುವ ಕೆಲಸ ಮಾಡುತ್ತಲೇ ಓದಿ, 1875ರಲ್ಲಿ ವ್ಯಾಸಂಗವನ್ನು ಮುಗಿಸಿದನು. ಮಗನ ಏಳಿಗೆಯನ್ನು ಪೂರ್ತಿಯಾಗಿ ಕಾಣುವ ಭಾಗ್ಯ ತಾಯಿಗಿರಲಿಲ್ಲ. ಅವನು ರಜೆಯಲ್ಲಿ ಊರಿಗೆ ಬಂದಿದ್ದಾಗಲೇ ಆಕೆ ತೀರಿಕೊಂಡಳು. ಅನಂತರ ವಾಷಿಂಗ್ಟನ್ನರು ಮಾಲ್ಡನ್ನಿಗೆ ಮರಳಿ, ತಮ್ಮನ್ನು ಬೀಳ್ಕೊಟ್ಟ ಆ ಜನರ ಮಕ್ಕಳಿಗೆ ಹಗಲೂ ರಾತ್ರಿಯೂ ಪಾಠ ಹೇಳಿದರು. ಋಣ ತೀರಿಸುವ ವ್ರತ ಅಂದೇ ಆರಂಭವಾಯಿತೆನ್ನಬೇಕು.

1881ರಲ್ಲಿ ಅವರ ಬಾಳಿಗೆ ಮಹತ್ತ್ವದ ತಿರುವು ಬಂದಿತು. ಅಲಬಾಮಾ ಪ್ರಾಂತದ ಟಸ್ಕೀಗೀ ಊರಿನಲ್ಲಿ ಕಪ್ಪು ಶಿಕ್ಷಕರ ತರಬೇತಿಗಾಗಿ ಒಂದು ಶಾಲೆ ಬೇಕೆಂದು, ಹಿಂದೆ ಗುಲಾಮನಾಗಿದ್ದ ತಗಡುಗೆಲಸದ ಲೂಯಿಸ್ ಆಡಮ್ಸ್ ಮತ್ತು ಹಿಂದೆ ಗುಲಾಮರ ಒಡೆಯನಾಗಿದ್ದ ಜಾರ್ಜ್ ಕ್ಯಾಂಪ್‌ಬೆಲ್ ಇಬ್ಬರೂ ಶ್ರಮಿಸಿದ್ದರು. ಶಾಸನಸಭೆ ವರ್ಷಕ್ಕೆ 2,000 ಡಾಲರುಗಳನ್ನು ಮಂಜೂರು ಮಾಡಿತು. ಜನರಲ್ ಆರ್ಮ್‌ಸ್ಟ್ರಾಂಗರು ಇಪ್ಪತ್ತೈದರ ತಮ್ಮ ಶಿಷ್ಯನನ್ನು ಅಲ್ಲಿಗೆ ಕಳುಹಿಸಿಕೊಟ್ಟರು. ವಾಷಿಂಗ್ಟನ್ನರು ಬಂದು ನೋಡಿದಾಗ ಭೂಮಿಯೂ ಇಲ್ಲ, ಕಟ್ಟಡವೂ ಇಲ್ಲ. ಮಂಜೂರಾದ ಹಣ ಶಿಕ್ಷಕರ ಸಂಬಳಕ್ಕೆ ಮಾತ್ರ ಮೀಸಲು. ಶಾಲೆ ತೆರೆಯುವ ಮುನ್ನ ಅವರು ಸುತ್ತಣ ಹಳ್ಳಿಗಳಲ್ಲಿ ಸಂಚರಿಸಿ, ಬಡ ರೈತರ ಗುಡಿಸಲುಗಳಲ್ಲಿ ಉಂಡು ಮಲಗಿ, ಅವರ ಬಾಳುವೆಯನ್ನು ಕಣ್ಣಾರೆ ಕಂಡರು. ಮಕ್ಕಳನ್ನು ಅರಿಯಬೇಕಾದರೆ ಮೊದಲು ಮನೆಯನ್ನು ಅರಿಯಬೇಕೆಂಬುದು ಅವರ ನಿಲುವು. ಅದೇ ವರ್ಷದ ಜುಲೈ 4ರಂದು ಚರ್ಚೊಂದರ ಪಕ್ಕದ ಜೀರ್ಣ ಕೊಟ್ಟಿಗೆಯಲ್ಲಿ 30 ವಿದ್ಯಾರ್ಥಿಗಳಿಂದ ಶಾಲೆ ಆರಂಭವಾಯಿತು. ಮಳೆ ಬಂದರೆ ವಿದ್ಯಾರ್ಥಿಯೊಬ್ಬನು ಗುರುವಿನ ತಲೆಯ ಮೇಲೆ ಕೊಡೆ ಹಿಡಿಯಬೇಕು; ಗುರು ಪಾಠ ಒಪ್ಪಿಸಿಕೊಳ್ಳಬೇಕು. ಅಂಥ ಮಾಡು ಅದು.

ಕೆಲವೇ ತಿಂಗಳುಗಳಲ್ಲಿ, ಊರ ಹತ್ತಿರ ಪಾಳುಬಿದ್ದಿದ್ದ 100 ಎಕರೆಗಳ ಒಂದು ತೋಟ 500 ಡಾಲರಿಗೆ ಮಾರಾಟಕ್ಕಿದೆಯೆಂದು ತಿಳಿಯಿತು. ಅರ್ಧ ಹಣವನ್ನು ಹ್ಯಾಂಪ್ಟನ್ನಿನ ಖಜಾಂಚಿಯವರು ತಮ್ಮ ಸ್ವಂತದ್ದರಿಂದ ಸಾಲವಾಗಿ ಕೊಟ್ಟರು. ಆ ಸಾಲವನ್ನು ತೀರಿಸುವ ಹೊಣೆಯನ್ನು ಸಹಶಿಕ್ಷಕಿ ಒಲಿವಿಯಾ ಡೇವಿಡ್ಸನ್ ವಹಿಸಿಕೊಂಡರು. ಆಕೆ ಊರಿನ ಕಪ್ಪುಜನರ ಮತ್ತು ಬಿಳಿಯರ ಮನೆಮನೆಗಳಿಗೂ ಹೋಗಿ, ಒಬ್ಬರಿಂದ ರೊಟ್ಟಿಯನ್ನು, ಒಬ್ಬರಿಂದ ಸಿಹಿತಿನಿಸನ್ನು ಬೇಡಿ ತಂದು, ಊಟದ ಉತ್ಸವಗಳನ್ನು ಏರ್ಪಡಿಸಿ ಅವುಗಳ ಮಾರಾಟದಿಂದ ಹಣ ಕೂಡಿಸಿದರು. ಇಲ್ಲವೆಂದವರು ವಿರಳ. ಐದು ತಿಂಗಳೊಳಗೆ 500 ಡಾಲರೂ ಸಂದಾಯವಾಗಿ ಭೂಮಿ ಶಾಲೆಯ ಹೆಸರಿಗಾಯಿತು. ಅದರ ಹೆಚ್ಚಿನ ಭಾಗ ಟಸ್ಕೀಗೀ ಊರಿನ ಜನರೇ ಕೊಟ್ಟದ್ದು.

ಆ ದಿನಗಳಲ್ಲಿ ಬಂದ ಕಾಣಿಕೆಗಳು ಬಗೆಬಗೆಯವು. ಐದು ಸೆಂಟು ಕೊಟ್ಟವರಿದ್ದರು, ಕಾಲು ಡಾಲರು ಕೊಟ್ಟವರಿದ್ದರು. ಕೌದಿ ಕೊಟ್ಟವರಿದ್ದರು, ಕಬ್ಬಿನ ಹೊರೆ ತಂದಿಳಿಸಿದವರಿದ್ದರು. ಒಂದು ದಿನ ಎಪ್ಪತ್ತರ ಹತ್ತಿರದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಉಟ್ಟದ್ದು ಚಿಂದಿ; ಆದರೆ ಮಡಿಯಾಗಿ ಒಗೆದದ್ದು. ಬಾಳಿನ ಒಳ್ಳೆಯ ದಿನಗಳನ್ನೆಲ್ಲ ದಾಸ್ಯದಲ್ಲಿ ಸವೆಸಿದ ಆಕೆ, ಕೊಡಲು ತನ್ನಲ್ಲಿ ಬೇರೇನೂ ಇಲ್ಲವೆಂದು ಹೇಳಿ, ತಾನು ಕೂಡಿಟ್ಟ ಆರು ಕೋಳಿಮೊಟ್ಟೆಗಳನ್ನು ಹುಡುಗ ಹುಡುಗಿಯರ ವಿದ್ಯೆಗೆಂದು ಅವರ ಕೈಗಿತ್ತಳು. ಅದಾದ ಮೇಲೆ ಟಸ್ಕೀಗೀಗೆ ಬಂದ ದಾನಗಳೆಷ್ಟೋ. ಆದರೆ ತಮ್ಮ ಮನಸ್ಸನ್ನು ಅಷ್ಟು ಆಳವಾಗಿ ಕಲಕಿದ ದಾನ ಮತ್ತೊಂದಿಲ್ಲವೆಂದು ವಾಷಿಂಗ್ಟನ್ನರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮೊದಲ ದೊಡ್ಡ ಕಟ್ಟಡದ ಯೋಜನೆಗೆ 6,000 ಡಾಲರು ಬೇಕಾಗಿತ್ತು. ಮರಕೊಯ್ಯುವ ಗಿರಣಿಯ ಬಿಳಿಯ ಮಾಲೀಕನೊಬ್ಬನು, ಹಣ ಬಂದಾಗ ಕೊಡುವಿರೆಂಬ ಮಾತೊಂದೇ ಸಾಕೆಂದು, ಮರಮುಟ್ಟನ್ನು ಒದಗಿಸಲು ತಾನೇ ಮುಂದೆ ಬಂದನು. ಸುತ್ತಲಿನ ರೈತರನ್ನು ಸಭೆ ಕರೆದಾಗ, 12 ಮೈಲಿ ದೂರದಿಂದ ಎತ್ತಿನ ಬಂಡಿಯಲ್ಲಿ ಬಂದ ಮುದುಕನೊಬ್ಬನು, ತಾನು ಸಾಕಿದ ಎರಡು ಹಂದಿಗಳಲ್ಲಿ ಒಂದನ್ನು ಕಟ್ಟಡಕ್ಕೆಂದು ಒಪ್ಪಿಸಿದನು. ಆ ನಾಡಿನ ಬಡ ಒಕ್ಕಲಿಗನಿಗೆ ಅದು ನಮ್ಮ ರೈತನ ಕರೆಯುವ ಆಕಳಿದ್ದಂತೆ. ವರ್ಷದ ಆಸರೆಯಲ್ಲಿ ಅರ್ಧವನ್ನೇ ಆತ ಕೊಟ್ಟುಬಿಟ್ಟನು. ಅದೇ ಸಭೆಯಲ್ಲಿ ಇನ್ನೂ ಅನೇಕರು ಎದ್ದುನಿಂತು ತಲಾ ಕೆಲವು ದಿನಗಳ ದುಡಿಮೆಯನ್ನು ಕಟ್ಟಡಕ್ಕಾಗಿ ಕೊಡುವೆವೆಂದು ಮಾತುಕೊಟ್ಟರು. ಸಿದ್ಧವಾದ ಕಟ್ಟಡಕ್ಕೆ, ಉದಾರವಾಗಿ ಹಣವಿತ್ತ ಬ್ರೂಕ್ಲಿನ್ನಿನ ಪೋರ್ಟರ್ ಎಂಬವರ ಹೆಸರನ್ನಿಟ್ಟರು. ಮುದುಕಿಯ ಹೆಸರು, ಬಂಡಿಯ ಮುದುಕನ ಹೆಸರು, ದಿನಗೂಲಿಯನ್ನು ಬಿಟ್ಟು ಬಂದು ದುಡಿದವರ ಹೆಸರು ಆ ಗೋಡೆಯ ಮೇಲೆ ಬರಲಿಲ್ಲ. ಆದರೆ 1901ರಲ್ಲಿ ಪುಸ್ತಕವಾಗಿ ಹೊರಬಂದು ಲೋಕದ ಹಲವು ಭಾಷೆಗಳಿಗೆ ಅನುವಾದಗೊಂಡ ಆತ್ಮಕಥೆಯಲ್ಲಿ ಅವರೆಲ್ಲರಿಗೂ ಗೌರವದ ಸ್ಥಾನ ದೊರೆಯಿತು. ಕಲ್ಲಿನಲ್ಲಿ ಕೆತ್ತಿಸಲಾಗದ ಋಣವನ್ನು ಗುರು ಅಕ್ಷರದಲ್ಲಿ ಬರೆದಿರಿಸಿದನು.

ಪಾಲಕರೊಡನೆ ಅವರ ಸಂಬಂಧ ಸದಾ ಸುಗಮವಾಗಿತ್ತೆಂದು ತಿಳಿಯಬಾರದು. ವಿದ್ಯಾರ್ಥಿಗಳು ಓದಿನೊಡನೆ ಕೈಕೆಲಸವನ್ನೂ ಮಾಡಬೇಕೆಂಬ ನಿಯಮಕ್ಕೆ ಪಾಲಕರಿಂದಲೇ ಬಲವಾದ ವಿರೋಧ ಬಂದಿತು. ತಲೆಮಾರುಗಳ ಕಾಲ ಚಾಟಿಯೇಟಿನ ಕೆಳಗೆ ದುಡಿದ ಜನ ಅವರು. ಮಕ್ಕಳಾದರೂ ಗುದ್ದಲಿ ಹಿಡಿಯದಿರಲೆಂದು ಶಾಲೆಗೆ ಕಳುಹಿಸಿದ್ದರು. ಕೆಲವರು ಪತ್ರ ಬರೆದರು, ಕೆಲವರು ಸ್ವತಃ ಬಂದು ಆಕ್ಷೇಪಿಸಿದರು. ವಾಷಿಂಗ್ಟನ್ನರು ಆ ಮಾತುಗಳನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಪ್ರಾಂತದ ಮೂಲೆಮೂಲೆಗೆ ಹೋಗಿ ಪಾಲಕರ ಎದುರಿಗೆ ಕುಳಿತು ಶ್ರಮದ ಘನತೆಯನ್ನು ವಿವರಿಸಿದರು. ಇತ್ತ ಶಾಲೆಯ ಕಾಡನ್ನು ಕಡಿಯುವಾಗ ಕೊಡಲಿ ಹಿಡಿದು ತಾವೇ ಮುಂದೆ ನಡೆದರು. ಇಟ್ಟಿಗೆ ಸುಡುವ ಪ್ರಯತ್ನ ಮೂರು ಸಲ ವಿಫಲವಾಯಿತು. ಕೈಯಲ್ಲಿ ಕಾಸಿಲ್ಲದಿರಲು ತಮ್ಮ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ನಾಲ್ಕನೆಯ ಭಟ್ಟಿಯನ್ನು ಹಾಕಿಸಿದರು. ಅದು ಫಲಿಸಿತು, ಗಡಿಯಾರ ಮಾತ್ರ ಮರಳಿ ಬರಲಿಲ್ಲ. ಮುಂದೆ ವಿದ್ಯಾರ್ಥಿಗಳು ತಯಾರಿಸಿದ ಇಟ್ಟಿಗೆಗಳನ್ನು ಸುತ್ತಲಿನ ಬಿಳಿಯರೂ ಕೊಳ್ಳತೊಡಗಿದರು. ಪಾಲಕರ ವಿರೋಧವೂ ಕ್ರಮೇಣ ಕರಗಿತು.

ಕಾಲಕ್ರಮದಲ್ಲಿ ಟಸ್ಕೀಗೀಯ ಕೀರ್ತಿ ಹಬ್ಬಿ, ದೊಡ್ಡ ದಾನಿಗಳ ದೃಷ್ಟಿ ಅತ್ತ ಹರಿಯಿತು. ರೈಲ್ವೆಯ ಒಡೆಯ ಹಂಟಿಂಗ್ಟನ್ ಮೊದಲ ಭೇಟಿಯಲ್ಲಿ ಕೊಟ್ಟದ್ದು 2 ಡಾಲರು. ಕಡೆಯ ಭೇಟಿಯಲ್ಲಿ ಕೊಟ್ಟದ್ದು 50,000. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಮೊದಲು ಗ್ರಂಥಾಲಯಕ್ಕೆ 20,000 ಡಾಲರನ್ನೂ, 1903ರಲ್ಲಿ ಶಾಶ್ವತ ನಿಧಿಗೆ 6 ಲಕ್ಷ ಡಾಲರನ್ನೂ ಕೊಟ್ಟರು. ಆರು ಮೊಟ್ಟೆಗಳಿಂದ ಆರು ಲಕ್ಷ ಡಾಲರಿನವರೆಗೆ ಬೆಳೆದ ಈ ಸಂಸ್ಥೆಯಲ್ಲಿ ಮೊದಲಿನ ಬಡ ಜನರನ್ನು ಮರೆತುಬಿಡುವ ಅಪಾಯ ಇದ್ದೇ ಇತ್ತು. ಅದನ್ನು ತಪ್ಪಿಸಲು ವಾಷಿಂಗ್ಟನ್ನರು ಹಿಡಿದ ದಾರಿ ಶಿಕ್ಷಕರೆಲ್ಲ ಗಮನಿಸತಕ್ಕದ್ದು. ವಂದನಾರ್ಪಣೆಯ ಮಾತುಗಳಿಂದ ಅವರು ತೃಪ್ತರಾಗಲಿಲ್ಲ. ಕೊಟ್ಟವರ ಮನೆಬಾಗಿಲಿಗೇ ಶಾಲೆಯನ್ನು ಕೊಂಡೊಯ್ದರು.

1892ರಲ್ಲಿ ಅವರು ಕಪ್ಪು ರೈತರ ಸಮ್ಮೇಳನವೊಂದನ್ನು ಟಸ್ಕೀಗೀಯಲ್ಲಿ ಕರೆದರು. ಕೆಲವರು ಬಂದಾರೆಂದು ಎಣಿಸಿದ್ದ ಕಡೆ ನೂರಾರು ಜನ ನೆರೆದರು. ಅಲ್ಲಿ ವಿದ್ವಾಂಸರ ಉಪನ್ಯಾಸಗಳಿಗೆ ಎಡೆಯಿರಲಿಲ್ಲ. ರೈತರು, ರೈತಮಹಿಳೆಯರು ತಾವೇ ಎದ್ದು ತಮ್ಮ ಸಾಲಸೋಲ, ಬೆಳೆ, ಮನೆ, ಮಕ್ಕಳ ಶಾಲೆಗಳ ವಿಷಯ ಮಾತನಾಡಿದರು. ಪ್ರಾಧ್ಯಾಪಕರು ಕುಳಿತು ಕೇಳಿದರು. ಅಂದಿನಿಂದ ಆ ಸಮ್ಮೇಳನ ವರ್ಷವರ್ಷವೂ ನಡೆಯಿತು. ಅವರ ಮಡದಿ ಮಾರ್ಗರೆಟ್ ಮರ‍್ರೆಯವರು ಊರಿನ ತಾಯಂದಿರ ಕೂಟವನ್ನು ಆರಂಭಿಸಿ, ಸಂಸಾರದ ಓರಣ, ಮಕ್ಕಳ ಪಾಲನೆ, ಹೊಲಿಗೆಗಳನ್ನು ಕಲಿಸಿದರು. 1896ರಲ್ಲಿ ಟಸ್ಕೀಗೀ ಸೇರಿದ ಪ್ರಖ್ಯಾತ ಸಸ್ಯವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರರ ನೆರವಿನಿಂದ 1906ರಲ್ಲಿ ಒಂದು ಸಂಚಾರಿ ಶಾಲೆಯ ಬಂಡಿ ಸಿದ್ಧವಾಯಿತು. ನೇಗಿಲು, ಬೀಜ, ಹೈನಿನ ಉಪಕರಣಗಳನ್ನು ಹೇರಿಕೊಂಡು ಆ ಬಂಡಿ ಹೊಲದಿಂದ ಹೊಲಕ್ಕೆ ಸಾಗಿತು. ಶಾಲೆಯ ವಾರ್ಷಿಕ ಪದವಿ ಸಮಾರಂಭಕ್ಕೆ ರೈತಕುಟುಂಬಗಳು ಬಂಡಿ ಕಟ್ಟಿಕೊಂಡು ಜಾತ್ರೆಗೆಂಬಂತೆ ಬರುತ್ತಿದ್ದವು. ವಿದ್ಯಾರ್ಥಿಗಳು ವೇದಿಕೆಯ ಮೇಲೆ ತಾವು ಕಲಿತ ಕಸುಬುಗಳನ್ನು ಮಾಡಿ ತೋರಿಸುತ್ತಿದ್ದರು. ತಾವು ಕೊಟ್ಟದ್ದು ಏನಾಯಿತೆಂಬುದನ್ನು ತಂದೆತಾಯಿಗಳು ಕಣ್ಣಾರೆ ಕಾಣುತ್ತಿದ್ದರು. ಪಾಲಕರಿಗೆ ಇದಕ್ಕಿಂತ ಹಿರಿದಾದ ಸನ್ಮಾನ ಬೇರೊಂದುಂಟೆ?

ವಾಷಿಂಗ್ಟನ್ನರ ಬಾಳು ವಿವಾದಗಳಿಂದ ಮುಕ್ತವಾಗಿರಲಿಲ್ಲ. 1895ರ ಅಟ್ಲಾಂಟಾ ಭಾಷಣದಲ್ಲಿ ರಾಜಕೀಯ ಹಕ್ಕುಗಳಿಗಿಂತ ಕಸುಬು, ದುಡಿಮೆ, ಉಳಿತಾಯಗಳಿಗೆ ಅವರು ಕೊಟ್ಟ ಪ್ರಾಶಸ್ತ್ಯವನ್ನು ಡಬ್ಲ್ಯು. ಇ. ಬಿ. ಡುಬಾಯ್ಸ್ ಮೊದಲಾದ ವಿದ್ವಾಂಸರು 1903ರಲ್ಲಿಯೂ ಆಮೇಲೆಯೂ ತೀವ್ರವಾಗಿ ಟೀಕಿಸಿದರು. ಬಿಳಿಯರ ಅನ್ಯಾಯವನ್ನು ಅವರು ಬಹಿರಂಗವಾಗಿ ಎದುರಿಸಲಿಲ್ಲವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಮತದಾನದ ಹಕ್ಕಿಗಾಗಿ ನಡೆದ ಮೊಕದ್ದಮೆಗಳಿಗೆ ಅವರು ಗುಪ್ತವಾಗಿ ಹಣ ಒದಗಿಸಿದರೆಂಬುದು ಅವರ ಕಾಲಾನಂತರ ಕಾಗದಪತ್ರಗಳಿಂದ ತಿಳಿದುಬಂದಿತು. ಅದೇ 1903ರಲ್ಲಿ, ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು ತಮ್ಮ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ ಇವರ ಜೀವನವನ್ನು ಮೆಚ್ಚಿ ಬರೆದು ಭಾರತೀಯ ಓದುಗರಿಗೆ ಪರಿಚಯಿಸಿದರು. ರಾಜಕೀಯದಲ್ಲಿ ಅವರನ್ನು ಒಪ್ಪದವರೂ, ಬಡವರ ಬೆವರಿನಿಂದ ಒಂದು ವಿದ್ಯಾಲಯವನ್ನು ಕಟ್ಟಿದ ಅವರ ಸಾಹಸವನ್ನು ಅಲ್ಲಗಳೆಯಲಾರರು.

ಅವರ ಕೊನೆಯ ಕಾರ್ಯವೇ ಅವರ ಜೀವನತತ್ತ್ವಕ್ಕೆ ಕಲಶವಿಟ್ಟಂತಾಯಿತು. ಚಿಕಾಗೊ ನಗರದ ವ್ಯಾಪಾರಿ, ಸಿಯರ್ಸ್ ರೋಬಕ್ ಸಂಸ್ಥೆಯ ಅಧ್ಯಕ್ಷ ಜೂಲಿಯಸ್ ರೋಸನ್‌ವಾಲ್ಡ್ 1911ರಲ್ಲಿ ಅವರ ಪರಿಚಯಕ್ಕೆ ಬಂದು, 1912ರಲ್ಲಿ ಟಸ್ಕೀಗೀಯ ಧರ್ಮದರ್ಶಿಗಳಲ್ಲೊಬ್ಬರಾದರು. ತಮ್ಮ ಐವತ್ತನೆಯ ಹುಟ್ಟುಹಬ್ಬದ ನಿಮಿತ್ತ ಅವರು ಕೊಟ್ಟ 25,000 ಡಾಲರುಗಳಲ್ಲಿ ಸ್ವಲ್ಪ ಉಳಿಯಿತು. ಆ ಉಳಿಕೆಯಿಂದ ಸುತ್ತಲ ಹಳ್ಳಿಗಳಲ್ಲಿ ಆರು ಕಿರಿಯ ಶಾಲೆಗಳನ್ನು ಕಟ್ಟಿಸೋಣವೆಂದು ವಾಷಿಂಗ್ಟನ್ನರು ಸೂಚಿಸಿದರು. ಆದರೆ ಒಂದು ಕಟ್ಟು: ದಾನಿಯ ಹಣವೊಂದರಿಂದಲೇ ಶಾಲೆ ಏಳಕೂಡದು, ಊರಿನ ಜನರೂ ತಮ್ಮ ಪಾಲನ್ನು ಕೊಡಬೇಕು. ಬಡವರಿಗೆ ಇದು ಕಠಿನವಾದ ಕರಾರೆನಿಸೀತು. ಶಾಲೆಯ ತೆರಿಗೆಯನ್ನು ಕೊಟ್ಟೂ ತಮ್ಮ ಮಕ್ಕಳಿಗೆ ಶಾಲೆಯಿಲ್ಲದ ಆ ಜನ ಎರಡನೆಯ ಸಲ ತೆರಬೇಕಾಯಿತೆಂಬುದೂ ದಿಟ. ಆದರೆ ತಾನು ಕಟ್ಟಿದ ಶಾಲೆ ತನ್ನದೆಂಬ ಅಭಿಮಾನ ಪಾಲಕನಲ್ಲಿ ಮೂಡುವುದು ಹೀಗೆಯೇ ಎಂಬುದನ್ನು, ಮಾಲ್ಡನ್ನಿನಲ್ಲಿ ಮನೆಮನೆಯ ಅನ್ನದಿಂದ ನಡೆದ ಶಾಲೆಯ ವಿದ್ಯಾರ್ಥಿ ಅರಿತಿದ್ದನು.

ಆ ಆರರಲ್ಲಿ ಮೊದಲನೆಯದು 1913ರಲ್ಲಿ ಅಲಬಾಮಾದ ಲೋಚಪೋಕ ಎಂಬ ಊರಿನಲ್ಲಿ ಎದ್ದಿತು. ಅದರ ಖರ್ಚು ಸುಮಾರು 942 ಡಾಲರು. ರೋಸನ್‌ವಾಲ್ಡರು ಕೊಟ್ಟದ್ದು 300. ಊರಿನ ಬಿಳಿಯರಿಂದ 360 ಬಂದಿತು. ಕಪ್ಪುಜನ ಭೂಮಿಗಾಗಿ 150 ಡಾಲರು ಕೂಡಿಸಿದರು. ಅವರು ಕೈಯಾರೆ ಮಾಡಿದ ಕೆಲಸವನ್ನು 132 ಡಾಲರು 50 ಸೆಂಟುಗಳೆಂದು ಲೆಕ್ಕಹಾಕಿ ವಂತಿಗೆಯಲ್ಲಿ ಸೇರಿಸಿದರು. ಈ ಕಡೆಯ ಬಾಬು ಸಣ್ಣದಾಗಿ ಕಂಡರೂ ಅದರ ಅರ್ಥ ದೊಡ್ಡದು. ಮೊಳೆ ಹೊಡೆದವನ, ಮರ ಹೊತ್ತವನ ದಿನವನ್ನು ಪುಕ್ಕಟೆಯೆಂದು ಬಿಟ್ಟುಬಿಡದೆ, ದಾನಿಯ ರೊಕ್ಕದ ಸಾಲಿನಲ್ಲಿಯೇ ಅಂಕಿಯಾಗಿ ಬರೆದರು. ದುಡಿದವನು ಬೇಡುವವನಲ್ಲ, ಅವನೂ ದಾನಿಯೇ ಎಂಬುದು ಆ ಲೆಕ್ಕಪತ್ರದ ತಾತ್ಪರ್ಯ. 1914ರಲ್ಲಿ ರೋಸನ್‌ವಾಲ್ಡರು ಇನ್ನೂ ನೂರು ಶಾಲೆಗಳಿಗೆಂದು 30,000 ಡಾಲರು ಕೊಟ್ಟರು.

1915ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ವಾಷಿಂಗ್ಟನ್ನರ ಆರೋಗ್ಯ ಸಂಪೂರ್ಣ ಕುಸಿಯಿತು. ತಾನು ಹುಟ್ಟಿದ್ದೂ ದುಡಿದದ್ದೂ ದಕ್ಷಿಣದಲ್ಲಿ, ಸಾಯುವುದೂ ಅಲ್ಲಿಯೇ ಆಗಬೇಕೆಂದು ಹಟಹಿಡಿದು ರೈಲು ಹತ್ತಿ ಊರಿಗೆ ಬಂದರು. ನವೆಂಬರ್ 14ರ ಬೆಳಗಿನ ಜಾವದಲ್ಲಿ ಟಸ್ಕೀಗೀಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 59 ವರ್ಷ. ಕೊಟ್ಟಿಗೆಯಲ್ಲಿ 30 ವಿದ್ಯಾರ್ಥಿಗಳಿಂದ ತೊಡಗಿದ ಶಾಲೆಯಲ್ಲಿ ಅಂದು ಸುಮಾರು 1,500 ವಿದ್ಯಾರ್ಥಿಗಳಿದ್ದರು. ನೂರಕ್ಕೂ ಮಿಕ್ಕಿ ಕಟ್ಟಡಗಳಿದ್ದವು. ವಿದ್ಯಾಲಯದ ಆವರಣದಲ್ಲಿಯೇ ಅವರ ಸಮಾಧಿಯಾಯಿತು.

ಅವರು ಬಿತ್ತಿದ ಬೀಜ ಅವರ ತರುವಾಯ ಹೆಮ್ಮರವಾಯಿತು. 1932ರಲ್ಲಿ ಆ ಯೋಜನೆ ಮುಗಿಯುವ ವೇಳೆಗೆ ದಕ್ಷಿಣದ 15 ಪ್ರಾಂತಗಳಲ್ಲಿ 4,977 ಶಾಲೆಗಳು ತಲೆಯೆತ್ತಿದ್ದವು. ಹೊಲವಿದ್ದವರು ನಿವೇಶನಕ್ಕೆ ನೆಲ ಬಿಟ್ಟುಕೊಟ್ಟರು, ಮರವಿದ್ದವರು ತೊಲೆ ಕಡಿದು ತಂದರು. ಏನೂ ಇಲ್ಲದವರು ತೋಳು ಕೊಟ್ಟರು. ಅಲಬಾಮಾದ ಬೋಲಿಗೀ ಎಂಬಲ್ಲಿನ ಸಭೆಯಲ್ಲಿ, ದಾಸ್ಯದ ದಿನಗಳನ್ನು ಕಂಡ ಮುದುಕನೊಬ್ಬನು ಜಿಡ್ಡುಗಟ್ಟಿದ ಹಳೆಯ ಚೀಲವನ್ನು ಮೇಜಿನ ಮೇಲೆ ಸುರಿದನು. ಅದರಲ್ಲಿದ್ದದ್ದು 38 ಡಾಲರು. ಜೀವಮಾನದ ಗಳಿಕೆಯೆಲ್ಲ ಅಷ್ಟೆ. ಇಂಥ ಚೀಲಗಳೆಲ್ಲ ಕೂಡಿ ಆದ ಮೊತ್ತವೆಷ್ಟು? ಕಪ್ಪುಜನರ ವಂತಿಗೆ ಸುಮಾರು 47 ಲಕ್ಷ ಡಾಲರು. ರೋಸನ್‌ವಾಲ್ಡ್ ನಿಧಿಯದು ಸುಮಾರು 43 ಲಕ್ಷ. ಹನಿಗೂಡಿ ಹಳ್ಳವಾಗಿ, ಬಡವರ ಬಿಲ್ಲೆಗಳು ಸಿರಿವಂತನ ಭಂಡಾರವನ್ನು ಮೀರಿದ್ದವು. ಉಳಿದ ಬಹುಪಾಲು ಸಾರ್ವಜನಿಕ ತೆರಿಗೆಯಿಂದ ಬಂದಿತು. ಆದರೂ ಲೋಕದ ಬಾಯಲ್ಲಿ ಅವು ರೋಸನ್‌ವಾಲ್ಡ್ ಶಾಲೆಗಳೆಂದೇ ಹೆಸರಾದವು. ದಾನಿಯ ಹಿರಿಮೆಯನ್ನು ಇದು ಕುಂದಿಸುವುದಿಲ್ಲ. ಪಾಲಕರ ಹಿರಿಮೆಯನ್ನು ಮಾತ್ರ ಹುಡುಕಿ ಹೇಳಬೇಕಾಗಿದೆ.

1954ರಲ್ಲಿ ವರ್ಣಭೇದದ ಶಾಲೆಗಳು ಸಂವಿಧಾನಬಾಹಿರವೆಂದು ಅಮೆರಿಕದ ಶ್ರೇಷ್ಠ ನ್ಯಾಯಾಲಯ ತೀರ್ಪಿತ್ತ ಮೇಲೆ ಈ ಶಾಲೆಗಳು ಕ್ರಮೇಣ ಮುಚ್ಚಿದವು. ಅನೇಕ ಕಟ್ಟಡಗಳು ಪಾಳುಬಿದ್ದವು. 2002ರಲ್ಲಿ ಅಲ್ಲಿಯ ರಾಷ್ಟ್ರೀಯ ಸ್ಮಾರಕ ಸಂರಕ್ಷಣ ಸಂಸ್ಥೆಯು ಇವನ್ನು ಅಪಾಯದಲ್ಲಿರುವ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿತು. ಬಳಿಕ ಹಳೆಯ ವಿದ್ಯಾರ್ಥಿಗಳೂ ಅವರ ಮಕ್ಕಳೂ ಹಲವೆಡೆ ಮುಂದೆ ಬಂದು, ಅಜ್ಜ ಹೊಡೆದ ಮೊಳೆಯನ್ನೂ ಅಜ್ಜಿ ಉಜ್ಜಿದ ನೆಲವನ್ನೂ ಉಳಿಸಿಕೊಳ್ಳುವ ಕೆಲಸಕ್ಕೆ ತೊಡಗಿದರು. ಕೊಟ್ಟವರನ್ನು ಶಾಲೆ ಮರೆಯದಿದ್ದರೆ ಶಾಲೆಯನ್ನು ಊರು ಮರೆಯುವುದಿಲ್ಲ.

ಬುಕರ್ ವಾಷಿಂಗ್ಟನ್ನರ ಚರಿತ್ರೆ ವಿದ್ಯಾಸಂಸ್ಥೆಗಳಿಗೆ ಕಲಿಸುವ ಪಾಠ ಸರಳವಾದುದು. ಪಾಲಕರ ಸೇವೆ ಎಷ್ಟೇ ಅಲ್ಪವಾಗಿರಲಿ, ಅದನ್ನು ತಲೆಬಾಗಿ ಸ್ವೀಕರಿಸಬೇಕು. ಅದನ್ನು ಲೆಕ್ಕದ ಪುಸ್ತಕದಲ್ಲಿಯೂ ಚರಿತ್ರೆಯ ಪುಸ್ತಕದಲ್ಲಿಯೂ ಬರೆದಿರಿಸಬೇಕು. ಅದರ ಫಲವನ್ನು ಅವರ ಮನೆಬಾಗಿಲಿಗೆ ಮುಟ್ಟಿಸಬೇಕು. ಶಾಲು ಹೊದಿಸಿ ಹಾರ ಹಾಕುವ ಸನ್ಮಾನ ಒಂದು ದಿನದ್ದು. ತಾನು ಹೊತ್ತ ಕಲ್ಲಿನ ಮೇಲೆ ನಿಂತ ಕೊಠಡಿಯಲ್ಲಿ ತನ್ನ ಮಗು ಓದುವುದನ್ನು ಕಾಣುವ ಪಾಲಕನ ಸಂತೋಷ ನಿತ್ಯವಾದುದು. ಹೆಸರಿಲ್ಲದೆ ದುಡಿದವರ ಹೆಸರನ್ನು ಅವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳುವ ಶಾಲೆಗೆ ಕೈಗಳ ಕೊರತೆ ಎಂದಿಗೂ ಆಗದು.